ಕಿರುಬೆರಳಿನ ಸೀಟಿ ಕೊಳಲು

ವಡ್ಡು
14 ಜೂನ್ 2025

ಕಂಪ್ಲಿಯ ಕೊಳಲಿನ ಎರ್ರಿಯಪ್ಪನವರಿಗೆ,

ನನ್ನ ಹೆಸರು ಪಂಪಾವತಿ. ಸಂಡೂರು ತಾಲೂಕಿನ ವಡ್ಡಿನವಳು. ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತೇನೆ. ನಿಮಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಒಂದೇ ಒಂದು ಸಲ ಎತ್ತಿದಿರಿ, "ಕಾಗದ ಬರೀರಿ" ಅಂದು ಇಟ್ಟುಬಿಟ್ಟಿರಿ. ಈ ಕಾಲದಲ್ಲೂ ಕಾಗದ ಕೇಳುವ ದೊಡ್ಡಸ್ತಿಕೆ ನಿಮ್ಮದು, ಗರಜು ನನ್ನದು. ಬರೆಯುತ್ತಿದ್ದೇನೆ.

ನಮಗೊಂದು ಕೊಳಲು ಬೇಕು. ತತ್ವಪದದ ಜೊತೆ ಊದುವಂಥದ್ದು. ಕೈಯಿಂದ ಮಾಡಿದ್ದು. ನಮ್ಮಂಥವರು ಕೊಳ್ಳಬಹುದಾದ ಬೆಲೆಯದ್ದು.

ಹೋದ ತಿಂಗಳು ಹಂಪಿಯ ಬಜಾರಿನಲ್ಲಿ ಒಂದು ಕೊಂಡು ಮೋಸಹೋದೆ. ಮೈತುಂಬ ಬಣ್ಣ, ತುದಿಗೆ ಗೊಂಡೆ. ಪರದೇಶದವರು ಗೋಡೆಗೆ ತೂಗುಹಾಕಲು ಒಯ್ಯುವ ಸಾಮಾನು ಅದು. ಊದಿದರೆ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕೂಗುತ್ತದೆ.

ನಮ್ಮ ಊರಿನ ಕಥೆ ನಿಮಗೂ ತಿಳಿದಿರಲಿ. ಗುಡ್ಡದ ಹಿಂದಿನ ಕ್ರಷರಿನಿಂದ ಅದಿರಿನ ಲಾರಿಗಳು ನಮ್ಮ ಕೇರಿಯ ಮುಂದೆಯೇ ಓಡುತ್ತವೆ. ಟಾರ್ಪಾಲ್ ಕಟ್ಟುವುದಿಲ್ಲ, ರಸ್ತೆಗೆ ನೀರು ಹೊಡೆಯುವುದಿಲ್ಲ. ನಾವು ಉಣ್ಣುವ ಅನ್ನ ಕೆಂಪು, ಒಣಹಾಕಿದ ಸೀರೆ ಕೆಂಪು, ಕೂಸಿನ ಕೆಮ್ಮು ಕೆಂಪು. ಅರ್ಜಿ ಕೊಟ್ಟು ಕೊಟ್ಟು ಬೇಸತ್ತು, ದೀಪಾವಳಿ ಕಳೆದ ಮೇಲೆ ನವೆಂಬರ್ ಹದಿನೇಳರಂದು ಹೆಂಗಸರೆಲ್ಲ ಆ ರಸ್ತೆಯಲ್ಲೇ ಕೂತು ಪದ ಹಾಡುವುದೆಂದು ತೀರ್ಮಾನಿಸಿದ್ದೇವೆ. ಹಾಡುವವಳು ನನ್ನ ಸೋದರತ್ತೆ ಹೊಳೆಮ್ಮ. ಅವಳ ಗಂಟಲಿಗೆ ಲಾರಿಯ ಹಾರನ್ನು ಲೆಕ್ಕಕ್ಕಿಲ್ಲ. ಆದರೆ ಸ್ವರ ಹಿಡಿದು ಕೊಡಲು ಜೊತೆಗೊಂದು ವಾದ್ಯ ಬೇಕು. ಇಷ್ಟು ವರ್ಷ ಭಜನೆಯ ವೀರೇಶ ಹಾರ್ಮೋನಿಯಂ, ಕೊಳಲು ಎಲ್ಲ ತರುತ್ತಿದ್ದ. ಈಗ ಬರುವುದಿಲ್ಲ ಅಂದ. ಅವನ ಎರಡು ಟಿಪ್ಪರ್‌ಗಳು ಅದೇ ಕ್ರಷರಿಗೆ ಓಡುತ್ತವೆ ನೋಡಿ!

ವೀರೇಶನ ಮೇಳದವರ ಕೊಳಲುಗಳೆಲ್ಲ ನಿಮ್ಮವೇ. ಅದಕ್ಕೇ ನಿಮಗೆ ಬರೆದೆ. ಅಡ್ಡ ಕೊಳಲು ಒಳ್ಳೆಯದೋ, ಬಾಯಿಗೆ ನೇರ ಹಿಡಿದು ಊದುವ ಸೀಟಿ ಕೊಳಲೋ? ನವೆಂಬರಿನೊಳಗೆ ಕಲಿಯಲಿಕ್ಕೆ ಆಗುವಂಥದ್ದು ಹೇಳಿ.

ಪಂಪಾವತಿ


ಕಂಪ್ಲಿ
25 ಜೂನ್ 2025

ಪಂಪಾವತಮ್ಮನವರಿಗೆ ಎರ್ರಿಯಪ್ಪನ ನಮಸ್ಕಾರ.

ಫೋನಿನಲ್ಲಿ ಮಾತಾಡುವ ಅಭ್ಯಾಸ ನನಗಿಲ್ಲ. ತಪ್ಪು ತಿಳಿಯಬೇಡಿ.

ಹಂಪಿಯಲ್ಲಿ ಕೊಂಡಿದ್ದನ್ನು ಒಮ್ಮೆ ನೋಡಿ. ತೂತುಗಳು ಸಮಸಮ ದೂರದಲ್ಲಿರುತ್ತವೆ. ಅಳತೆಪಟ್ಟಿ ಇಟ್ಟು ಕೊರೆದಿರುತ್ತಾರೆ, ಊದಿ ಕೊರೆದಿರುವುದಿಲ್ಲ. ಸ್ವರಗಳು ಹಾಗೆ ಸಮದೂರಕ್ಕೆ ಕೂರುವುದಿಲ್ಲ. ಒಳ್ಳೆಯ ಕೊಳಲಿನ ತೂತುಗಳು ನೋಡಲು ಸೊಟ್ಟಗೇ ಕಾಣುತ್ತವೆ.

ಬಣ್ಣ ಇರುವುದನ್ನು ಕೊಳ್ಳಬೇಡಿ. ಬಿರುಕು ಮುಚ್ಚಲಿಕ್ಕೆ ಬಣ್ಣ. ಕೈಯಲ್ಲಿ ಹಿಡಿದರೆ ಹಗುರ ಇರಬೇಕು, ಒಣಗಿರಬೇಕು. ಎಲ್ಲ ತೂತು ಮುಚ್ಚಿ ಮೆಲ್ಲಗೆ ಊದಿದರೆ ತಗ್ಗಿನ ಸ್ವರ ಬರಬೇಕು. ಜೋರಾಗಿ ಊದಿದರೆ ಯಾವ ಕೊಳವೆಯಾದರೂ ಕೂಗುತ್ತದೆ.

ಅಡ್ಡ ಕೊಳಲಿಗೆ ತುಟಿ ಕೂರಲಿಕ್ಕೇ ವರ್ಷ ಹಿಡಿಯುತ್ತದೆ. ಸೀಟಿ ಕೊಳಲಿಗೆ ಬಾಯಲ್ಲಿ ಮರದ ಬಿರಡೆ ಇರುತ್ತದೆ. ಉಸಿರನ್ನು ಅದೇ ದಾರಿಗೆ ಹಚ್ಚುತ್ತದೆ. ಮೊದಲ ದಿನವೇ ಸ್ವರ ಬರುತ್ತದೆ. ಬೆಲೆಯೂ ಕಡಿಮೆ. ಊದುವವನು ನಿಮ್ಮ ಮಗನಿರಬೇಕು, ಅವನಿಗೆ ಅದೇ ಸರಿ. ಹುಡುಗನ ವಯಸ್ಸೆಷ್ಟು? ನಿಮ್ಮ ಅತ್ತೆ ಹಾಡುವ ಶ್ರುತಿ ಯಾವುದು?

ಇನ್ನೊಂದು ಮಾತು. ಕೊಳಲು ಅಂಚೆಯಲ್ಲಿ ಬಂದಾಗ ಮನೆಯ ಹೆಂಗಸರು ಯಾರೂ ಬಾಯಿ ಹಚ್ಚಿ ನೋಡಬಾರದು. ಹೆಂಗಸರ ಎಂಜಲಾದ ಕೊಳಲು ದೇವರ ಪದಕ್ಕೆ ನಡೆಯುವುದಿಲ್ಲ ಅನ್ನುತ್ತಾರೆ ಮೇಳದವರು. ಎಲ್ಲರಿಗೂ ಇದನ್ನು ಹೇಳಿಯೇ ಕೊಡುತ್ತೇನೆ.

ಎರ್ರಿಯಪ್ಪ


ವಡ್ಡು
3 ಜುಲೈ 2025

ಎರ್ರಿಯಪ್ಪನವರಿಗೆ,

ಸೀಟಿ ಕೊಳಲೇ ಇರಲಿ. ದೊಡ್ಡವರ ಕೈಗೆ ಮಾಡಿ, ಹುಡುಗರ ಆಟಿಕೆ ಬೇಡ. ಹೊಳೆಮ್ಮತ್ತೆ ವೀರೇಶನ ಹಾರ್ಮೋನಿಯಂ ಇದ್ದಾಗ ಬಿಳಿ ಮೂರನೇ ಮನೆಯ ಶ್ರುತಿಯಲ್ಲಿ ಹಾಡುತ್ತಿದ್ದಳು.

ಎಂಜಲಿನ ಮಾತು ಓದಿದೆ. ಅತ್ತೆಗೂ ಓದಿ ಹೇಳಿದೆ. ಅವಳು ಎಲೆಅಡಿಕೆ ಉಗುಳಿ, "ಹೆಂಗಸ್ರ ಎಂಜಲ ಆಗದ ದೇವ್ರು ಯಾವನಲೇ ಅಂವಾ? ಅವನ ತಾಯಿ ತುತ್ತು ನುರಿಸಿ ಉಣಿಸಿದ್ದಿಲ್ಲೇನು?" ಅಂದಳು. ನಾನು ನಕ್ಕೆ. ನೀವು ನಗುತ್ತೀರೋ ಇಲ್ಲವೋ ಗೊತ್ತಿಲ್ಲ. ಕೊಳಲು ಬೇಗ ಕಳಿಸಿ. ಮನಿಯಾರ್ಡರ್ ಮಾಡಿದ್ದೇನೆ.

ಪಂಪಾವತಿ


ಕಂಪ್ಲಿ
2 ಆಗಸ್ಟ್ 2025

ಪಂಪಾವತಮ್ಮನವರಿಗೆ,

ಕೊಳಲು ಕಳಿಸಿದ್ದೇನೆ. ಹೊಸಪೇಟೆಯ ಬಿದಿರಂಗಡಿಯಲ್ಲಿ ಆರಿಸಿ ತಂದು, ಎರಡು ಬೇಸಿಗೆ ಅಟ್ಟದಲ್ಲಿ ಒಣಗಿಸಿದ ಬಿದಿರು. ಹಾಲವಾಣ ಮರದ ಬಿರಡೆ. ಬಿಳಿ ಮೂರಕ್ಕೆ ಉದ್ದ ಜಾಸ್ತಿ ಬೇಕು, ಆದ್ದರಿಂದ ತೂತುಗಳ ನಡುವೆ ಅಂತರವೂ ಜಾಸ್ತಿ. ದೊಡ್ಡವರ ಕೈಗೆ ಸರಿಹೋಗುತ್ತದೆ. ತಿಂಗಳಿಗೊಮ್ಮೆ ಒಳಗೆ ಎಳ್ಳೆಣ್ಣೆ ಸವರಿ.

ಈ ಅಂಗಳದಿಂದ ಹೊರಡುವ ಪ್ರತಿ ಕೊಳಲಿಗೂ ಮೊದಲ ಉಸಿರು ನಮ್ಮ ಮನೆಯದೇ. ನಿಮ್ಮದನ್ನೂ ಊದಿ ನೋಡಿದೆ. ದೋಷ ಇಲ್ಲ.

ಎರ್ರಿಯಪ್ಪ


ವಡ್ಡು
19 ಆಗಸ್ಟ್ 2025

ಎರ್ರಿಯಪ್ಪನವರೇ,

ದೋಷ ಇಲ್ಲವೇ? ಎಲ್ಲ ತೂತು ಮುಚ್ಚಿ ಮೆಲ್ಲಗೆ ಊದಿದರೆ ತಗ್ಗಿನ ಸ್ವರ ಬರಬೇಕು ಅಂತ ಬರೆದವರು ನೀವೇ. ಮೆಲ್ಲಗೆ ಊದಿದೆ, ಜೋರಾಗಿ ಊದಿದೆ, ನಿಂತು ಊದಿದೆ, ಕೂತು ಊದಿದೆ. ಕಿರ್ ಅನ್ನುತ್ತದೆಯೇ ಹೊರತು ಸ್ವರ ಬರುತ್ತಿಲ್ಲ. ಮೇಲಿನ ಸ್ವರಗಳೆಲ್ಲ ಸಕ್ಕರೆ, ಕೊನೆಯದೊಂದು ಮಾತ್ರ ಕಲ್ಲು.

ವೀರೇಶನಿಗೆ ಕೊಡುವಾಗ ಒಂದು ಮಾಲು, ವಡ್ಡಿನ ಅಡುಗೆಯವಳಿಗೆ ಕೊಡುವಾಗ ಇನ್ನೊಂದು ಮಾಲು ಅಂತ ಲೆಕ್ಕ ಇಟ್ಟಿದ್ದೀರಾ? ಕಡಿಮೆ ಬೆಲೆಯದ್ದು ಕೇಳಿದ್ದೇನೆ, ಕಳಪೆಯದ್ದು ಕೇಳಿಲ್ಲ. ನಮ್ಮಂಥವರ ವಿಷಯದಲ್ಲಿ ಈ ಎರಡನ್ನೂ ಒಂದೇ ಮಾಡುವುದು ಸರಕಾರದ ಚಾಳಿ. ನಿಮಗೆ ಯಾವಾಗ ಅಂಟಿತು?

ಹಾಂ, ನೀವು ವಿಚಾರಿಸಿದ ಹುಡುಗನ ವಯಸ್ಸು ಮೂವತ್ತಾರು. ಹುಡುಗ ಅಲ್ಲ, ನಾನೇ. ನೀವು ಮಗ ಅಂದುಕೊಂಡಿರಿ, ನಾನು ತಿದ್ದಲಿಲ್ಲ. ತಿದ್ದಿದ್ದರೆ ನೀವು ಕೊಳಲೇ ಕೊಡುತ್ತಿರಲಿಲ್ಲ.

ಮೊನ್ನೆ ಶಾಲೆಯ ಹಿಂದೆ ಕೂತು ಊದುವಾಗ ವೀರೇಶ ಬೈಕು ನಿಲ್ಲಿಸಿ ನೋಡಿದ. "ಏನಬೇ ಪಂಪಾವತಿ, ಕುಕ್ಕರ್ ಸೀಟಿ ಹೊಡಿತಂತ ಓಡಿಬಂದೆ, ನೋಡಿದ್ರ ನೀನು! ಅನ್ನ ಇಳಸು, ಸೀದೋಗ್ತತಿ" ಅಂದ. ಜೊತೆಯವರು ನಕ್ಕರು. ಆ ನಗೆಗೆ ನಿಮ್ಮ ಕೊಳಲೇ ತಾಳ ಹಾಕಿತು.

ನಾನು ಬಿಡುವವಳಲ್ಲ. ನವೆಂಬರ್ ಹದಿನೇಳಕ್ಕೆ ರಸ್ತೆಯಲ್ಲಿ ಕೂರುವುದು ಖರೆ, ಊದುವುದೂ ಖರೆ. ಸರಿಯಾದ ಕೊಳಲು ಕೊಡಿ.

ಪಂಪಾವತಿ


ಕಂಪ್ಲಿ
28 ಆಗಸ್ಟ್ 2025

ಪಂಪಾವತಮ್ಮನವರಿಗೆ,

ಮಾಲು ಒಂದೇ. ವೀರೇಶನಿಗೂ ಅದೇ ಬಿದಿರು, ಅದೇ ಕೈ. ನನ್ನ ಕೊಳಲನ್ನು ಯಾರೂ ಈವರೆಗೆ ಕಳಪೆ ಅಂದಿಲ್ಲ. ನಿಮ್ಮ ಕಾಗದ ಓದಿ ಎರಡು ದಿನ ತೂತು ಸುಡುವ ಸಲಾಕೆ ಮುಟ್ಟಲಿಲ್ಲ ನಾನು.

ಊದುವವರು ಹೆಂಗಸು ಅಂತ ಮೊದಲೇ ಹೇಳಬೇಕಾಗಿತ್ತು. ಈಗ ಹೇಳಿದಿರಿ. ವೀರೇಶನೂ ನೋಡಿದ ಅಂತೀರಿ. ಕೊಳಲು ಎಲ್ಲಿಯದು ಅಂತ ಕೇಳಿದನೇ? ಸಂಡೂರು, ಹೊಸಪೇಟೆ ಕಡೆಯ ಭಜನೆ ಮೇಳದವರೇ ನನ್ನ ಗಿರಾಕಿಗಳು. ಬೇಕಾದರೆ ವಾಪಸು ಕಳಿಸಿ, ದುಡ್ಡು ಕೊಡುತ್ತೇನೆ.

ವಾಪಸು ಕಳಿಸುವುದಿಲ್ಲ ಅಂದರೆ ಒಂದು ಕೆಲಸ ಮಾಡಿ. ತಗ್ಗಿನ ಸ್ವರ ಕಿರ್ ಅಂದರೆ ಕೊನೆಯ ತೂತು ಪೂರ್ತಿ ಮುಚ್ಚುತ್ತಿಲ್ಲ ಅಂತ ಅರ್ಥ. ದೋಷ ಕೊಳಲಿನಲ್ಲೋ ಕೈಯಲ್ಲೋ ನೋಡಬೇಕು. ನಮ್ಮಪ್ಪ ದೂರದ ಊರಿನವರಿಗೆ ಕೊಳಲು ಮಾಡುವಾಗ ಅವರ ಕೈಯ ಅಚ್ಚು ತರಿಸುತ್ತಿದ್ದ. ನಾನು ಸೋಮಾರಿತನಕ್ಕೆ ಬಿಟ್ಟಿದ್ದೆ. ಎರಡೂ ಅಂಗೈಗೆ ಮಸಿಯೋ ಮಣ್ಣೋ ಹಚ್ಚಿ, ಬೆರಳು ಅಗಲಿಸಿ ಹಾಳೆಯ ಮೇಲೆ ಒತ್ತಿ ಕಳಿಸಿ.

ಎರ್ರಿಯಪ್ಪ


ವಡ್ಡು
6 ಸೆಪ್ಟೆಂಬರ್ 2025

ಎರ್ರಿಯಪ್ಪನವರಿಗೆ,

ಮಸಿ ಹುಡುಕುವ ಕಷ್ಟ ನಮಗಿಲ್ಲ. ಕಿಟಕಿಯ ಮೇಲಿನ ಧೂಳು ಕೈಯಲ್ಲಿ ಬಳಿದು, ಹರಳೆಣ್ಣೆಯಲ್ಲಿ ಕಲಸಿ ಒತ್ತಿದ್ದೇನೆ. ಒಳಗೆ ಹಾಳೆ ಇದೆ. ನೋಡಿಕೊಳ್ಳಿ.

ಬಲಗೈಯ ಉಂಗುರದ ಬೆರಳು ಅಚ್ಚು ಸರಿಯಾಗಿ ಬಿದ್ದಿಲ್ಲ ಅಂದುಕೊಳ್ಳಬೇಡಿ. ಇರುವುದೇ ಅಷ್ಟು. ಶಾಲೆಗೆ ಬರುವ ಮೊದಲು ಅದೇ ಕ್ರಷರಿನಲ್ಲಿ ಕಲ್ಲು ಆರಿಸುವ ಕೆಲಸಕ್ಕಿದ್ದೆ. ಬೆಲ್ಟು ಬೆರಳನ್ನು ಎಳೆದುಕೊಂಡಿತು. ಕಾಂಟ್ರ್ಯಾಕ್ಟರ್ ಆಸ್ಪತ್ರೆಯ ಬಾಗಿಲವರೆಗೆ ಬಂದು, "ಈಕಿ ನಮ್ಮ ಲೇಬರ್ ಅಲ್ಲ, ಪುಳ್ಳಿ ಆರಿಸಾಕ ಬಂದಿದ್ಲು" ಅಂತ ಬರೆಸಿ ಹೋದ.

ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ. ಬೆರಳು ಹೋದ ವಿಷಯ ಹೇಳಿದರೆ ಸಾಕು, ಜನ ಮುಖ ಒಂಥರಾ ಮಾಡಿಕೊಂಡು ಅಯ್ಯೋ ಪಾಪ ಅನ್ನುತ್ತಾರೆ. ನನಗೆ ಅಯ್ಯೋ ಪಾಪ ಬೇಡ, ಕೊಳಲು ಬೇಕು. ಮೊಂಡು ಬೆರಳಿನಿಂದಲೇ ಮುಚ್ಚುತ್ತೇನೆ ಅಂತ ಹಟ ಹಿಡಿದಿದ್ದೆ, ಆಗಲಿಲ್ಲ. ನಿಮ್ಮ ಮಾಲಿಗೆ ಕಳಪೆ ಅಂದದ್ದು ತಪ್ಪು. ಆ ಮಾತೊಂದು ವಾಪಸು ತಗೊಂಡೆ. ಉಳಿದದ್ದು ಯಾವುದೂ ವಾಪಸಿಲ್ಲ, ಕೊಳಲೂ ಇಲ್ಲ.

ಈ ಕೈಗೆ ಕೊಳಲು ಮಾಡಲಿಕ್ಕೆ ಬರುತ್ತದೋ ಇಲ್ಲವೋ? ಒಂದು ಮಾತಿನಲ್ಲಿ ಬರೆಯಿರಿ.

ಪಂಪಾವತಿ


ವಡ್ಡು
12 ಅಕ್ಟೋಬರ್ 2025

ಎರ್ರಿಯಪ್ಪನವರಿಗೆ,

ಹಾಳೆ ಮುಟ್ಟಿತೋ ಇಲ್ಲವೋ? ಒಂದು ತಿಂಗಳು ದಾಟಿತು. ಫೋನ್ ಮಾಡಿದರೆ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತದೆ. ಅರ್ಥ ಆಯಿತು ಬಿಡಿ. ಹೆಂಗಸು, ಅದರಲ್ಲೂ ಬೆರಳಿಲ್ಲದವಳು. ಇಂಥವಳ ಸಹವಾಸಕ್ಕೆ ಗಿರಾಕಿಗಳನ್ನು ಯಾಕೆ ಕಳೆದುಕೊಳ್ಳಬೇಕು ಅಂದುಕೊಂಡಿರಿ.

ನಿಮಗೆ ತಿಳಿದಿರಲಿ ಅಂತ ಬರೆಯುತ್ತೇನೆ. ಕೊನೆಯ ತೂತಿಗೆ ಜೇನುಮೇಣ ತುಂಬಿ ಮುಚ್ಚಿಬಿಟ್ಟಿದ್ದೇನೆ. ಈಗ ತಗ್ಗಿನ ಸ್ವರ ಬಂತು, ಅದರ ಪಕ್ಕದ ಸ್ವರ ಹೋಯಿತು. ಆ ಸ್ವರ ಬೇಡದ ಪದಗಳನ್ನು ಮಾತ್ರ ಹೊಳೆಮ್ಮತ್ತೆ ಆರಿಸಿ ಹಾಡುತ್ತಾಳೆ. ಅಂಥವು ನಾಲ್ಕೇ ಸಿಕ್ಕವು. ಅವನ್ನೇ ತಿರುಗಾಮುರುಗಾ ಹಾಡುತ್ತೇವೆ. "ನನ್ನ ಗಂಟಲಕ್ಕ ಮೇಣ ಹಾಕಿದಂಗ ಆಗ್ತೈತಬೇ" ಅಂತ ಅತ್ತೆ ಗೊಣಗುತ್ತಾಳೆ, ಆದರೂ ಸಂಜೆಯಾದರೆ ಬಂದು ಕೂರುತ್ತಾಳೆ. ಕೇರಿಯ ಜಂಬಕ್ಕ, ಉಚ್ಚೆಂಗಮ್ಮ ತಾಳ ಹಿಡಿದು ಬರುತ್ತಾರೆ.

ನೀವು ಕೊಟ್ಟರೂ ಹದಿನೇಳಕ್ಕೆ ಊದುತ್ತೇನೆ, ಕೊಡದಿದ್ದರೂ ಊದುತ್ತೇನೆ.

ಪಂಪಾವತಿ


ಕಂಪ್ಲಿ
26 ಅಕ್ಟೋಬರ್ 2025

ತಂಗೀ ಪಂಪಾವತಿ,

ನಾನು ಭರಮಮ್ಮ, ಎರ್ರಿಯಪ್ಪನ ಹೆಣ್ತಿ. ಏಳನೇತ್ತ ಮಟ ಓದೀನಿ. ಮಾತಾಡಿದಂಗ ಬರಿತೀನಿ, ತಪ್ಪಿದ್ರ ನೀನ ತಿದ್ದಿಕೊಂಡು ಓದು. ಈ ಕಾಗದ ಅವ್ರಿಗೆ ಗೊತ್ತಿಲ್ಲ.

ನಿನ್ನ ಮ್ಯಾಲ ಅವ್ರಿಗೆ ಸಿಟ್ಟಿಲ್ಲ. ನಿನ್ನ ಹಾಳಿ ಬಂದ ದಿನ ಅದನ್ನ ಬೆಳಕಿಗೆ ಹಿಡದು ಭಾಳ ಹೊತ್ತು ನೋಡಿದ್ರು. "ಈ ಕೆಂಪು ನನಗ ಗೊತ್ತೈತಿ" ಅಂದ್ರು. ಗೊತ್ತಿರದ ಏನು? ಕೊಳಲ ಹಿಡಿಯೂಕಿಂತ ಮೊದ್ಲು ಹರೇದಾಗ ಸಂಡೂರು ಗುಡ್ಡದಾಗ ಡ್ರಿಲ್ ಹೊಡಿತಿದ್ರು. ಆ ಕೆಂಪೆಲ್ಲ ಈಗ ಅವ್ರ ಎದಿಯಾಗ ಕುಂತೈತಿ. ನಾಕು ಮಾತಾಡಿದ್ರ ಏದುಸಿರು ಬರ್ತತಿ. ಅದಕ್ಕ ಫೋನ್ ಎತ್ತಂಗಿಲ್ಲ, ಕಾಗದ ಬರೀರಿ ಅಂತಾರ. ನೀನು ದೊಡ್ಡಸ್ತಿಕಿ ಅಂದಿ. ದೊಡ್ಡಸ್ತಿಕಿ ಅಲ್ಲವ್ವ, ಉಸಿರಿಲ್ಲ. ನಿನ್ನ ಹಾಳಿ ಬಂದ ಮ್ಯಾಲ ಒಂದು ತಿಂಗಳು ಹೊಸಪೇಟಿ ಆಸ್ಪತ್ರ್ಯಾಗ ಇದ್ವಿ. ಫೋನ್ ಇಲ್ಲೇ ಮನ್ಯಾಗ ಬಡಕೊಂಡೈತಿ.

ಈಗ ನೀನು ಕೇಳದ ಒಂದು ಮಾತು ಹೇಳ್ತೀನಿ. ಮೆಟ್ಲ ಹತ್ತಾಕ ಉಸಿರು ಇಲ್ಲದ ಮನಿಷಾ ಕೊಳಲ ಹೆಂಗ ಊದ್ತಾನ? ಎಂಟು ವರ್ಷ ಆತು, ಅವ್ರು ತೂತು ಸುಡ್ತಾರ, ಹಿತ್ತಲದಾಗ ಕುಂತು ನಾನು ಊದ್ತೀನಿ. ಅವ್ರು ಕಿವಿ ಕೊಟ್ಟು ಕೇಳಿ, "ಒಂಚೂರು ತಗ್ಗೈತಿ" ಅಂದು ಅರ ಹಾಕ್ತಾರ. ಮತ್ತ ನಾನು ಊದ್ತೀನಿ. ಹಿಂಗ ಸ್ವರ ಕುಂದ್ರತತಿ. ಗಿರಾಕಿ ಬಂದ್ರ ನಾನು ಚಾ ತರಾಕಿ. ಅವ್ರ ಮುಂದ ಇವ್ರು ಹೇಳ್ತಾರ, ಹೆಂಗಸ್ರು ಬಾಯಿ ಹಚ್ಚಬಾರ್ದು ಅಂತ. ನಾನು ಸೆರಗಿನಾಗ ಬಾಯಿ ವರಿಸ್ಕೊಂತ ನಿಂತಿರ್ತೀನಿ. ಗಿರಾಕಿ ಹೋಗಬಾರ್ದು ಅಂತ ಅವ್ರು ಹೇಳ್ತಿದ್ರು, ಉಣ್ಣಾಕ ಬೇಕಲ್ಲ ಅಂತ ನಾನೂ ಸುಮ್ಕ ಇದ್ದೆ. ಸಣ್ಣ ಅಕ್ಷರ ಅವ್ರಿಗೆ ಕಾಣಂಗಿಲ್ಲ, ನಿನ್ನ ಕಾಗದ ಎಲ್ಲಾ ನಾನ ಅವ್ರಿಗೆ ಓದಿ ಹೇಳಾಕಿ. ಎಂಜಲದ ಬಗ್ಗೆ ನಿಮ್ಮತ್ತಿ ಅಂದ ಮಾತು ಓದಿದಾಗ ಅವ್ರು ನಗಲಿಲ್ಲ. ನಾನು ಹಿತ್ತಲಕ್ಕ ಹೋಗಿ ನಕ್ಕೆ. ಆಮ್ಯಾಲ ಯಾಕೋ ಸಿಟ್ಟು ಬಂತು.

ನಿನ್ನ ಕೊಳಲ ತಯಾರಾಗೇತಿ. ಆಸ್ಪತ್ರಿಯಿಂದ ಬಂದ ಮರುದಿನನ ಕುಂತ್ರು. ಬ್ಯಾಡ್ರಿ ಅಂದ್ರ ಕೇಳಲಿಲ್ಲ. ಕೊನೇದು, ಆರನೇ ತೂತು, ಉಂಗುರದ ಬೆರಳಿಗಲ್ಲ, ಕಿರುಬೆರಳಿಗೆ ಇಟ್ಟಾರ. ಸಾಲಿನಾಗ ಇಲ್ಲ, ಬದಿಗೆ ಸರದೈತಿ. ನೋಡಿದವ್ರು ಸೊಟ್ಟ ಅಂದಾರು. ನಿನ್ನ ಹಾಳಿ ಮ್ಯಾಲ ಕೊಳಲ ಇಟ್ಟು ಇಟ್ಟು ನೋಡಿ ಸುಟ್ಟಾರ. ಊದಿದಾಕಿ ನಾನು. ತಗ್ಗಿನ ಸ್ವರ ಗಂಗಾಳದಾಗ ಬೆಣ್ಣಿ ಬಿದ್ದಂಗ ಬರ್ತತಿ.

ಅಂಚೆಗೆ ಹಾಕಿ ಬಾ ಅಂತ ನನ್ನ ಕೈಯಾಗ ಕೊಟ್ಟಾರ. ನಾನು ಹಾಕಂಗಿಲ್ಲ. ಹದಿನೇಳಕ್ಕ ನಾನ ತರ್ತೀನಿ. ಮಲಪನಗುಡಿಗೆ ತಂಗಿ ಮನಿಗೆ ಹೊಂಟೀನಿ ಅಂತ ಅವ್ರಿಗೆ ಹೇಳ್ತೀನಿ.

ಭರಮಮ್ಮ


ವಡ್ಡು
19 ನವೆಂಬರ್ 2025

ಎರ್ರಿಯಪ್ಪ ಮಾವನಿಗೆ,

ಭರಮಮ್ಮನನ್ನು ಅಕ್ಕ ಅಂದೆ, ಆದ್ದರಿಂದ ನೀವು ಮಾವ. ಅಕ್ಕ ಮೊನ್ನೆ ಹೋಗಿದ್ದು ಮಲಪನಗುಡಿಗಲ್ಲ. ನಮ್ಮೂರಿಗೆ. ಅಲ್ಲಿ ನಡೆದದ್ದನ್ನು ನಾನೇ ಬರೆಯಬೇಕಂತೆ. "ನಾ ಹೇಳಿದ್ರ ಅರ್ಧ ಕೇಳಿ ಎದ್ದು ಹೋಗ್ತಾರ, ಕಾಗದ ಆದ್ರ ಪೂರಾ ಕೇಳ್ತಾರ" ಅಂದಳು. ಈ ಕಾಗದವನ್ನು ಓದಿ ಹೇಳುವವಳೂ ಅವಳೇ. ಆದ್ದರಿಂದ ಎದ್ದು ಹೋಗಬೇಡಿ.

ಹದಿನೇಳರ ಬೆಳಗ್ಗೆ ಹೆಂಗಸರೆಲ್ಲ ಕ್ರಷರಿನ ರಸ್ತೆಯಲ್ಲಿ ಕೂತೆವು. ಕೂಸುಗಳನ್ನು ಕಟ್ಟಿಕೊಂಡು ಬಂದವರೂ ಇದ್ದರು. ಲಾರಿಗಳು ಸಾಲಾಗಿ ನಿಂತವು. ಹಾರನ್ನೋ ಹಾರನ್ನು. ಹೊಳೆಮ್ಮತ್ತೆ ಆ ಗದ್ದಲದಲ್ಲೇ ಕಣ್ಣು ಮುಚ್ಚಿ ಪದ ಎತ್ತಿದಳು. ನಾನು ಮೇಣದ ಕೊಳಲು ಹಿಡಿದು ಕೂತಿದ್ದೆ. ಅಕ್ಕ ಇನ್ನೂ ಬಂದಿರಲಿಲ್ಲ. ಬರುತ್ತಾಳೆಂದು ನಂಬಿದ್ದೆ ಅಂದರೆ ಸುಳ್ಳಾಗುತ್ತದೆ.

ಆಗ ಬಂದವನು ವೀರೇಶ. ಸೊಂಟದಲ್ಲಿ ನಿಮ್ಮ ಕೊಳಲು, ಬೆನ್ನಿಗೆ ಮೇಳದ ನಾಲ್ಕು ಜನ. ಜಗಳಕ್ಕೆ ಬಂದವನ ಹಾಗೆ ಬರಲಿಲ್ಲ, ದೇವರ ಕಡೆಯಿಂದ ಬಂದವನ ಹಾಗೆ ಬಂದ.

"ಅತ್ತಿ, ನಿನಗರ ಗೊತ್ತಾಗಬಾರದಾ? ಗುರುವಿನ ಪದ ಅದು. ಹೆಂಗಸಿನ ಎಂಜಲ ಕೊಳಲ ಹಚ್ಚಿ ಹಾಡೂದೇನು? ಊರಿಗೆ ಕೇಡು ಬಂದ್ರ ಯಾರು ಹೊಣಿ?" ಅಂದ.

ಹೊಳೆಮ್ಮತ್ತೆ ಕಣ್ಣು ತೆರೆಯದೆಯೇ, "ಊರಿಗೆ ಕೇಡು ದಿನಾ ಬರ್ತೈತಲ್ಲಪ, ನಿನ್ನ ಟಿಪ್ಪರಿನ್ಯಾಗ ಕುಂತು" ಅಂದಳು. ಲಾರಿಯ ಮೇಲಿದ್ದ ಒಬ್ಬ ಡ್ರೈವರನೇ ನಕ್ಕುಬಿಟ್ಟ. ಆದರೆ ಕೂತ ಹೆಂಗಸರಲ್ಲಿ ಇಬ್ಬರು ಮೂವರು ಮುಖ ಮುಖ ನೋಡಿಕೊಂಡರು. ಒಬ್ಬಳು ಎದ್ದು ಸೆರಗು ಕೊಡವಿದಳು. ಕೇಡು ಅಂದ ಕೂಡಲೇ ಹೆದರಿ ಏಳುವುದನ್ನು ನಮಗೆ ತಾಯಿ ಹೊಟ್ಟೆಯಿಂದಲೇ ಕಲಿಸಿದ್ದಾರೆ. ಅವಳ ಹಿಂದೆ ಇನ್ನೊಬ್ಬಳು ಎದ್ದಿದ್ದರೆ ಆವತ್ತಿನ ಕಥೆ ಮುಗಿಯುತ್ತಿತ್ತು.

ಲಾರಿಗಳ ಸಂದಿಯಿಂದ ಅಕ್ಕ ಬಂದದ್ದು ಆಗಲೇ. ಕಂಪ್ಲಿಯಿಂದ ಹೊಸಪೇಟೆ, ಅಲ್ಲಿಂದ ತೋರಣಗಲ್ಲು, ಅಲ್ಲಿಂದ ಲಾರಿಗಳ ಸಾಲು ಹಿಡಿದು ನಡೆದುಕೊಂಡೇ ಬಂದಿದ್ದಳು. ಕಂಕುಳಲ್ಲಿ ಬಟ್ಟೆಚೀಲ, ಹುಬ್ಬಿನವರೆಗೆ ಕೆಂಪು ಧೂಳು.

ವೀರೇಶ ಗುರುತು ಹಿಡಿದ. "ಓ, ಎರ್ರಿಯಪ್ಪನ ಮನಿಯಕ್ಕ! ನೀವ್ಯಾಕ ಬಂದ್ರಿ ಇಲ್ಲಿ?" ಅಂದ. ನಿಮ್ಮ ಅಂಗಳದಲ್ಲಿ ಅವಳ ಕೈಯ ಚಾ ಕುಡಿದವನಲ್ಲವೇ ಅವನು.

ಅಕ್ಕ ಅಂದಳು, "ಹಂಗ ಬಂದಿದ್ದೆ ತಮ್ಮಾ. ನಿನ್ನ ಕೊಳಲ ಬಿರಡಿ ಉಬ್ಬೇತಿ ಅಂತ ಹೋದ ಸಲ ಅಂತಿದ್ದಿ. ಕೊಡು, ನೋಡೂನು."

ಅವನು ಕೊಟ್ಟ. ಗಂಡನ ಬಳಿಗೆ ಒಯ್ಯುತ್ತಾಳೆ ಅಂದುಕೊಂಡು ಕೊಟ್ಟಿರಬೇಕು. ಅಕ್ಕ ಕೊಳಲನ್ನು ಸೀರೆಯಿಂದ ಒರೆಸಿ, ಒಮ್ಮೆ ತಿರುಗಿಸಿ ನೋಡಿ, ಬಾಯಿಗಿಟ್ಟಳು.

ಮಾವ, ನಿಮ್ಮ ಹಿತ್ತಲಿನಲ್ಲಿ ಅವಳು ಒಂದೊಂದೇ ಸ್ವರ ಊದುವುದನ್ನು ಕೇಳಿದ್ದೀರಿ. ಪದವನ್ನೇ ಊದುವುದನ್ನು ಕೇಳಿದ್ದೀರಾ? ಹೊಳೆಮ್ಮತ್ತೆ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಅಕ್ಕ ಹಿಡಿದಳು. ಅತ್ತೆ ಆಗ ಕಣ್ಣು ತೆರೆದಳು. ಹಾರನ್ನುಗಳು ಒಂದೊಂದಾಗಿ ನಿಂತವು.

ಮುಗಿಸಿ, ಅಕ್ಕ ಕೊಳಲನ್ನು ವೀರೇಶನತ್ತ ಚಾಚಿದಳು. "ಬಿರಡಿ ಚಂದೈತಿ. ಹೋದ ವರ್ಷ ಶ್ರಾವಣದಾಗ ನಿನ್ನ ಕೈಗೆ ಕೊಡೂ ಮುಂದ ನಾನ ಊದಿ ನೋಡಿದ್ನಲ್ಲ, ಹಂಗ ಐತಿ."

"ನೀವು ಊದಿದ್ರಾ?"

"ಮತ್ತ್ಯಾರು? ಎಂಟು ವರ್ಷದಿಂದ ನಮ್ಮ ಮನಿ ಕೊಳಲೆಲ್ಲಾ ನಾನ ಊದಿ ಕೊಟ್ಟಿದ್ದು. ಅವ್ರ ಎದಿಯಾಗ ಸಂಡೂರು ಗುಡ್ಡ ಕುಂತೈತಿ, ಅವ್ರು ಎಲ್ಲಿ ಊದ್ತಾರ? ನೀನು ದೇವ್ರ ಮುಂದ ಊದಿದ್ದೆಲ್ಲಾ ನನ್ನ ಎಂಜಲನ ತಮ್ಮಾ. ಕೇಡೇನೂ ಬಂದಿಲ್ಲಲ್ಲ, ಎರಡು ಟಿಪ್ಪರ್ ತಗೊಂಡಿಯಂತ."

ಮೊದಲು ನಕ್ಕವಳು ಉಚ್ಚೆಂಗಮ್ಮ. ಆಮೇಲೆ ರಸ್ತೆಗೆ ರಸ್ತೆಯೇ ನಕ್ಕಿತು. ಎದ್ದು ನಿಂತವಳು ಕೂತಳು. ಮೇಳದ ನಾಲ್ಕು ಜನ ತಂತಮ್ಮ ಸೊಂಟದ ಕೊಳಲುಗಳನ್ನು ಹಾವು ಮುಟ್ಟಿ ನೋಡಿಕೊಂಡ ಹಾಗೆ ಮುಟ್ಟಿ ನೋಡಿಕೊಂಡರು. ವೀರೇಶ ಅರ್ಧ ಚಾಚಿದ ಕೈಯನ್ನು ಹಿಂದೆಳೆದುಕೊಂಡ. ಕೊನೆಗೆ "ಇಟ್ಕೋರಿ ನಿಮ್ಮ ಕೊಳಲ, ನಾನು ಎರ್ರಿಯಪ್ಪನ್ನ ಕೇಳ್ತೀನಿ" ಅಂದು ಬೈಕು ಹತ್ತಿದ.

ಅಕ್ಕ ಚೀಲದಿಂದ ನನ್ನ ಕೊಳಲು ತೆಗೆದಳು. ಕೊನೆಯ ತೂತು ಸಾಲು ಬಿಟ್ಟು ಬದಿಗೆ ಸರಿದಿತ್ತು. ಬೆರಳುಗಳನ್ನು ಇಟ್ಟೆ. ಕಿರುಬೆರಳು ಹುಡುಕದೆಯೇ ಹೋಗಿ ಅಲ್ಲಿ ಕೂತಿತು. ಎಲ್ಲ ಮುಚ್ಚಿ ಮೆಲ್ಲಗೆ ಊದಿದೆ. ಆ ಸ್ವರಕ್ಕೆ ಜೂನ್‌ನಿಂದ ಕಾಯುತ್ತಿದ್ದೆ. ಹೊಳೆಮ್ಮತ್ತೆ ಅದನ್ನು ಕೇಳಿ, ಮೇಣ ಹಾಕಿ ಮುಚ್ಚಿಟ್ಟಿದ್ದ ಪದಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದಳು. ಹೊತ್ತು ಇಳಿಯುವ ತನಕ ಹಾಡಿದೆವು.

ತಹಶೀಲ್ದಾರ್ ಕಚೇರಿಯವರು ಬಂದರು. ಮಾರನೆಯ ದಿನದಿಂದ ಟಾರ್ಪಾಲ್ ಕಟ್ಟಿಸುತ್ತೇವೆ, ನೀರು ಹೊಡೆಸುತ್ತೇವೆ ಅಂದರು. ನಿನ್ನೆ ಕಟ್ಟಿದ್ದರು. ಇವತ್ತು ಕೆಲವು ಲಾರಿಗಳಲ್ಲಿ ಆಗಲೇ ಬಿಚ್ಚಿದೆ. ಬರುವ ಸೋಮವಾರ ಮತ್ತೆ ಕೂರುತ್ತೇವೆ. ಅದರ ಮುಂದಿನ ಸೋಮವಾರವೂ ಕೂರುತ್ತೇವೆ. ಈಗ ನಮ್ಮ ಹತ್ತಿರ ಹಾಡುಗಳಿಗೆ ಬರವಿಲ್ಲ.

ನಿಮ್ಮ ಗಿರಾಕಿಗಳು ಹೋಗಬಹುದು. ಅದು ನನಗೆ ಗೊತ್ತು, ಅಕ್ಕನಿಗೂ ಗೊತ್ತಿತ್ತು. ನಾನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅವಳು ಆ ಧೂಳಿನಲ್ಲಿ ನಡೆದು ಬಂದದ್ದಕ್ಕೆ ಅವಮಾನ. ವೀರೇಶನ ಕೊಳಲನ್ನು ಇದರ ಜೊತೆಗೆ ಕಳಿಸಿದ್ದೇನೆ.

ಪಂಪಾವತಿ


ಕಂಪ್ಲಿ
2 ಡಿಸೆಂಬರ್ 2025

ಅವ್ವಾ ಪಂಪಾವತಿ,

ಕಾಗದ ಪೂರ್ತಿ ಕೇಳಿದೆ. ಎದ್ದು ಹೋಗಲಿಲ್ಲ.

ಮೊದಲು ಸಿಟ್ಟು ಬಂತು. ನನಗೆ ಹೇಳದೆ ಹೋದಳಲ್ಲ ಅಂತ ಒಂದು ದಿನ ಅವಳ ಜೊತೆ ಮಾತಾಡಲಿಲ್ಲ. ನಾನು ಮಾತಾಡದಿರುವುದು ಈ ಮನೆಯಲ್ಲಿ ಹೊಸದಲ್ಲ, ಅವಳಿಗೆ ಗೊತ್ತೇ ಆಗಲಿಲ್ಲ.

ವೀರೇಶ ಬಂದಿದ್ದ. ಖರೆ ಏನ್ರಿ ಅಂತ ಕೇಳಿದ. ಖರೆ ಅಂದೆ. ಅವನ ಮುಂದೆಯೇ ಅವಳನ್ನು ಕರೆದು, ಒಂದು ಹೊಸ ಬಿದಿರಿಗೆ ಸಲಾಕೆ ಇಟ್ಟು, "ಊದು" ಅಂದೆ. ಊದಿದಳು. ಅರ ಹಾಕಿದೆ. ಮತ್ತೆ ಊದಿದಳು. ಅವನು ಚಾ ಕುಡಿಯದೆ ಹೋದ. ಅದಾದ ಮೇಲೆ ಮೂರು ಮೇಳದವರು ಮಾಡಲು ಹೇಳಿದ್ದ ಕೊಳಲು ಬೇಡ ಅಂದರು. ಮೊನ್ನೆ ಒಬ್ಬ ಮಬ್ಬುಗತ್ತಲಲ್ಲಿ ಬಂದು, "ಅಕ್ಕಾರೇ ಊದಿ ಕೊಡ್ಲಿ, ಯಾರಿಗೂ ಹೇಳಬ್ಯಾಡ್ರಿ" ಅಂದ. ಹೇಳಿಯೇ ಕೊಡುವುದಾದರೆ ಕೊಡುತ್ತೇನೆ ಅಂದೆ. ತಲೆ ಕೆರೆದುಕೊಂಡು ಹೋದ. ಬರುತ್ತಾನೆ.

ವೀರೇಶನ ಕೊಳಲನ್ನು ಹೊಳೆಮ್ಮನವರ ಪಕ್ಕ ಕೂರುವ ಇನ್ನೊಬ್ಬ ಹೆಣ್ಣುಮಗಳಿಗೆ ಕೊಡಿ. ತಿರುಗಿ ಕಳಿಸಿದ್ದೇನೆ. ದುಡ್ಡು ಬೇಡ. ಅದರ ತುದಿಯಲ್ಲಿ ನಮ್ಮಪ್ಪನ ಕಾಲದಿಂದ ಸುಡುತ್ತಿದ್ದ ಗುರುತು ಇತ್ತು, ಎರ್ರಿಯಪ್ಪ, ಕಂಪ್ಲಿ ಅಂತ. ನಮ್ಮಪ್ಪನ ಹೆಸರೂ ಅದೇ. ಅದರ ಕೆಳಗೆ ಭರಮಮ್ಮ ಅಂತ ಸುಟ್ಟಿದ್ದೇನೆ. ಅಕ್ಷರ ಸ್ವಲ್ಪ ಸೊಟ್ಟ ಬಂದಿದೆ. ಇನ್ನು ಮುಂದೆ ಎಲ್ಲ ಕೊಳಲಿಗೂ ಹಾಗೇ. ಅವಳು ಈಗ ಊದುವುದು ಹಿತ್ತಲಿನಲ್ಲಲ್ಲ, ಬೀದಿಯ ಕಟ್ಟೆಯ ಮೇಲೆ.

ನಿನ್ನ ಅಂಗೈಯ ಹಾಳೆ ಗೋಡೆಗೆ ಅಂಟಿಸಿದ್ದೇನೆ. ಬಂದವರು ಯಾರ ಕೈ ಅಂತ ಕೇಳುತ್ತಾರೆ. ಹೇಳುತ್ತೇನೆ.

ಮುಂದಿನ ಸೋಮವಾರದ ವಿಷಯ ತಿಳಿಸಲಿಕ್ಕೆ ಕಾಗದ ಬರೆಯಬೇಡ. ಅದು ಇಲ್ಲಿಗೆ ಬರುವಷ್ಟರಲ್ಲಿ ಇನ್ನೊಂದು ಸೋಮವಾರ ಬಂದಿರುತ್ತದೆ. ಫೋನ್ ಮಾಡು. ಅವಳು ಎತ್ತುತ್ತಾಳೆ.

ಎರ್ರಿಯಪ್ಪ